ಕುಂಕುಮ ಮೆತ್ತಿದ ಕೇರಿ

ಪ್ರವಾಸಿಗರನ್ನು ಕಂಡರೆ ನನಗೆ ಆಗುವುದಿಲ್ಲ. ಕಾರವಾರದಲ್ಲಿದ್ದುಕೊಂಡು ಇಂಥ ಮಾತಾಡಬಾರದು, ಗೊತ್ತು. ಆದರೂ ಮಳೆಗಾಲ ಮುಗಿದದ್ದೇ ಹುಬ್ಬಳ್ಳಿಯಿಂದ ನನ್ನ ನಾದಿನಿಯ ಸಂಸಾರ ಟೆಂಪೊ ಮಾಡಿಕೊಂಡು ಬರುತ್ತದೆ. ಅವರಿಗೆ ಊರು ತೋರಿಸುವ ಕೆಲಸ ಪ್ರತಿವರ್ಷ ನನ್ನ ತಲೆಗೇ ಬೀಳುತ್ತದೆ. ಕಟ್ಟಿಕೊಂಡು ಬಂದ ಗಿರಮಿಟ್ಟು ತಿಂದು ಕಾಗದವನ್ನು ಮರಳಲ್ಲಿ ಹೂಳುತ್ತಾರೆ. ಹೂತರೆ ಸ್ವಚ್ಛ ಅಂತ ಅವರ ಎಣಿಕೆ. ಮಗುವಿನ ಡೈಪರು ಗಾಳಿಮರದ ಬುಡಕ್ಕೆ ಹೋಗುತ್ತದೆ. ಕಾಳಿ ನದಿ ಸಮುದ್ರ ಸೇರುವಲ್ಲಿ ಸೂರ್ಯಾಸ್ತ ನೋಡಬೇಕೆಂದು ಹಟಹಿಡಿದು ಬಂದವರು, ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ ಅವನಿಗೆ ಬೆನ್ನು ಹಾಕಿ ನಿಂತು ಮೊಬೈಲಿಗೆ ಹಲ್ಲು ಕಿರಿಯುತ್ತಾರೆ. ನೋಡುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತಾರೆ.

ನನ್ನ ಮಟ್ಟಿಗೆ ಈ ಕಡೆ ನೋಡಲೇಬೇಕಾದದ್ದು ಒಂದಿತ್ತು. ಅಮದಳ್ಳಿ ಹತ್ತಿರದ ಒಂದು ಕಾಲೊನಿಯ ಸಭಾಗೃಹದ ಗೋಡೆ. ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟು ಎದ್ದುಬಂದ ಒಂದು ಕಡಲಂಚಿನ ಕೇರಿಯ ಜನ ಅಲ್ಲಿದ್ದಾರೆ. ನನ್ನ ಆಯಿಯ, ಅಂದರೆ ಅಮ್ಮನ, ತವರುಮನೆಯೂ ಆ ಕೇರಿಯಲ್ಲೇ ಇತ್ತು. ಈಗ ಅಲ್ಲಿಗೆ ಯಾರೂ ಹೋಗುವಂತಿಲ್ಲ. ಮಾಜಾಳಿಯಲ್ಲಿ ದೋಣಿಗಳಿಗೆ ಹೆಸರು, ಹೂಬಳ್ಳಿ ಬರೆಯುವ ಪೇಂಟರೊಬ್ಬರು ಇಡೀ ಕೇರಿಯನ್ನು ಆ ಗೋಡೆಯ ಮೇಲೆ ಬರೆದುಕೊಟ್ಟಿದ್ದರು. ಬರೆಯುವಾಗ ಮುದುಕಿಯರು ಎದುರಿಗೇ ಕೂತು, ನಮ್ಮ ಬಾವಿ ಆ ಬದಿ, ನಿಮ್ಮ ಹಲಸಿನಮರ ಈ ಬದಿ ಎಂದು ಜಗಳ ಮಾಡಿದ್ದರಂತೆ. ಪಾಪ, ಪೇಂಟರು ಬೇಜಾರಿಲ್ಲದೆ ಬಾವಿ ಅಳಿಸಿ ಮತ್ತೊಂದು ಕಡೆ ತೋಡಿದರಂತೆ.

ಚಿತ್ರ ಹೊಸದಿದ್ದಾಗ ಅಲ್ಲಿ ನಡೆದ ಮದುವೆಯೊಂದರಲ್ಲಿ ನಾನದನ್ನು ನೋಡಿದ್ದೆ. ಸಮುದ್ರಕ್ಕೆ ಎಲ್ಲರ ಹಾಗೆ ನೀಲಿ ಬಳಿದಿರಲಿಲ್ಲ. ಮೊದಲ ಮಳೆಯ ಕೆಂಪು ನೀರು ಹಳ್ಳದಿಂದ ಬಂದು ಸೇರಿದಾಗ ಇರುತ್ತದಲ್ಲ, ಆ ಚಹಾದ ಬಣ್ಣ. ಮನೆಗಳು ಅಂಗೈಯಷ್ಟೂ ಇಲ್ಲ, ಆದರೂ ಯಾರ ಮಾಡು ಕುಸಿದಿದೆ, ಯಾರ ಅಂಗಳದಲ್ಲಿ ಬಲೆ ಒಣಗುತ್ತಿದೆ ಎಲ್ಲ ಕಾಣುತ್ತಿತ್ತು. ಊಟದ ಪಂಕ್ತಿ ಎದ್ದುಹೋದರೂ ನಾನು ಅಲ್ಲೇ ನಿಂತಿದ್ದೆ. ಆ ಮನುಷ್ಯ ಎದುರಿಗಿದ್ದರೆ ಕಾಲಿಗೆ ಬೀಳುತ್ತಿದ್ದೆನೇನೋ.

ಅಗಸೂರಿನಲ್ಲಿ ನನ್ನ ತಮ್ಮನ ಮನೆಯಲ್ಲಿರುವ ಆಯಿಯನ್ನು ಎಷ್ಟು ಸಲ ಕರೆದರೂ ಅವಳು ಬಂದಿರಲಿಲ್ಲ. "ಹೋದದ್ದ್ ಹೋಯ್ತು, ಗ್ವಾಡೆ ಮ್ಯಾಲೆ ಎಂತ ನೋಡೂದು?" ಎನ್ನುತ್ತಿದ್ದಳು. ಈ ವರ್ಷ ಏನನ್ನಿಸಿತೋ, ಬರುತ್ತೇನೆಂದಳು. ನಾದಿನಿಯ ಟೆಂಪೊದಲ್ಲೇ ಅವಳನ್ನೂ ಹತ್ತಿಸಿಕೊಂಡು ಕಾಲೊನಿಗೆ ಹೋದೆವು. ಕೀಲಿ ಇಟ್ಟುಕೊಂಡಿದ್ದ ಹೆಂಗಸು ಬಂದು ಬಾಗಿಲು ತೆರೆದಳು.

ಮೊದಲು ಬಂದದ್ದು ಕಮಟು ಎಣ್ಣೆಯ ವಾಸನೆ. ಆಮೇಲೆ ಗೋಡೆ ನೋಡಿದೆ. ಮನೆಗಳೇ ಇರಲಿಲ್ಲ. ಮನೆಯಿದ್ದಲ್ಲೆಲ್ಲ ಅರಿಶಿನ ಕುಂಕುಮದ ಮುದ್ದೆ. ಎಣ್ಣೆ ಇಳಿದಿಳಿದು ಕಡಲಿನವರೆಗೂ ಕಪ್ಪು ಗೆರೆ, ಗೆರೆಗುಂಟ ಇರುವೆ ಸಾಲು. ಮೆತ್ತಿಕೊಂಡ ಅಕ್ಷತೆಯನ್ನು ಜಿರಲೆಯೊಂದು ಹಗಲಲ್ಲೇ ಆರಾಮಾಗಿ ಮೆಲ್ಲುತ್ತಿತ್ತು.

"ಇದೇನಿದು?" ಎಂದೆ.

"ಹೆಣ್ಣು ಗಂಡನ ಮನೆಗೆ ಹೊರಡೂ ಮುಂಚೆ ತವರ್ಮನೆ ಹೊಸ್ಲಿಗೆ ಅರಿಶಿನ ಕುಂಕುಮ ಹಚ್ಚೂದಲ್ವಾ?" ಎಂದಳು ಕೀಲಿಯವಳು. "ಹೊಸ್ಲೇ ಇಲ್ಲ, ಎಲ್ಲಿ ಹಚ್ಚೂದು? ಅದ್ಕೇ ಇಲ್ಲಿ ಅವರವರ ಮನೆಗೆ ಹಚ್ಚೂದು."

"ಕಾಲೊನಿ ಮನೆಗಳಿಗೆ ಹೊಸ್ತಿಲಿಲ್ಲವಾ?"

"ಅದೆ. ಅದ್ಕೂ ಹಚ್ಚೂದೇ. ಮೂಲದ್ದಕ್ಕೆ ಹಚ್ದೇ ಹ್ಯಾಂಗೆ ಅಕ್ಕಾ?"

ನನಗೆ ತಡೆಯಲಾಗಲಿಲ್ಲ. ಅಷ್ಟು ಚಂದದ ಚಿತ್ರವನ್ನು ಗಬ್ಬೆಬ್ಬಿಸಿದಿರಿ, ಅದನ್ನು ಬರೆದವರು ನೋಡಿದರೆ ಎದೆ ಒಡೆದುಕೊಂಡಾರು ಎಂದು ಬಾಯಿಗೆ ಬಂದಂತೆ ಅಂದೆ. ಮರಳಲ್ಲಿ ಕಾಗದ ಹೂಳುವವರೇ ವಾಸಿ, ಅವರಿಗೆ ಈ ಊರು ಏನೂ ಅಲ್ಲ. ಇವರಿಗೆ ಇದ್ದದ್ದು ಇದೊಂದೇ, ಇದರ ಮೇಲೂ ಕೈ ಒರೆಸಿದ್ದಾರೆ ಎನಿಸಿತು. ನಾದಿನಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇದನ್ನ ನೋಡಾಕ ಇಷ್ಟ್ ದೂರ ಕರ್ಕೊಂಡ ಬಂದ್ರೇನ್ರಿ ವೈನಿ?" ಎಂದು ಹೊರಗೆ ನಡೆದಳು.

ಆಯಿ ಮಾತ್ರ ಗೋಡೆಗೆ ಹತ್ತಿರ ಹೋಗಿ, ಹಳ್ಳದಿಂದ ಎಣಿಸುತ್ತ ಎಣಿಸುತ್ತ ತೆಂಗಿನಮರಗಳ ಕೆಳಗೆ ಬಂದು ನಿಂತಳು. ಅವಳ ತವರುಮನೆ. ಇಡೀ ಕೇರಿಯಲ್ಲಿ ಅದೊಂದೇ ಮೊದಲಿದ್ದ ಹಾಗೇ ಇತ್ತು. ಸೋದರಮಾವನಿಗೆ ಮಕ್ಕಳಿರಲಿಲ್ಲ, ಆಯಿಯ ನಂತರ ಆ ಮನೆಯಿಂದ ಹೊರಟ ಹೆಣ್ಣೇ ಇಲ್ಲ. ಅರೆ ತೆರೆದ ಬಾಗಿಲು, ಒಳಗಿನ ಕತ್ತಲಲ್ಲಿ ದೀಪದ ಒಂದು ಹಳದಿ ಚುಕ್ಕೆ. ನನಗೆ ಜೀವ ಬಂದಂತಾಯಿತು.

"ನೋಡು ಆಯಿ, ನಮ್ಮದೊಂದಾದರೂ ಉಳಿದಿದೆ," ಎಂದು ಫೋಟೊ ತೆಗೆಯಲು ಮೊಬೈಲು ಹಿಡಿದೆ.

ಆಯಿಯ ಮುಖ ಸಣ್ಣದಾಯಿತು. "ಆ ಮನೆಗೆ ಯಾರೂ ದಿಕ್ಕಿಲ್ಲ ಹೇಳಿ ಎಲ್ಲರಿಗೂ ಕಾಣ್ತದಲ್ಲೇ," ಎಂದಳು. ಇಷ್ಟು ವರ್ಷಗಳಲ್ಲಿ ಅವಳ ಕಣ್ಣಲ್ಲಿ ನೀರು ನೋಡಿದ ನೆನಪಿಲ್ಲ, ಅಪ್ಪ ಸತ್ತಾಗ ಬಿಟ್ಟರೆ. ಸೆರಗಿನಿಂದ ಒರೆಸಿಕೊಂಡು ಕಿಟಕಿಯ ದಂಡೆಯಲ್ಲಿದ್ದ ಬಟ್ಟಲನ್ನು ಎತ್ತಿ ತಂದಳು. ಎಣ್ಣೆಯಲ್ಲಿ ಕಲಸಿಟ್ಟ ಕುಂಕುಮ. ಮೇಲೆ ಸತ್ತ ಇರುವೆಗಳು ತೇಲುತ್ತಿದ್ದವು. ಅದನ್ನು ನನ್ನ ಮುಂದೆ ಹಿಡಿದಳು.

"ನಾ ಹಚ್ಚೂಕಾಗ. ನೀ ಹಚ್ಚು."

ಗಂಡ ಸತ್ತವಳು ಕುಂಕುಮ ಮುಟ್ಟಬಾರದೆಂಬ ಕಟ್ಟಳೆ. ಬಟ್ಟಲನ್ನು ಹೊತ್ತು ತರಬಹುದು, ಬೆರಳು ಅದ್ದುವ ಹಾಗಿಲ್ಲ. ಆ ಎಣ್ಣೆಗಿಂತ ಈ ಕಟ್ಟಳೆಯೇ ನನಗೆ ಹೆಚ್ಚು ಹೇಸಿಗೆಯಾಯಿತು. ನೀನೇ ಹಚ್ಚು, ಯಾರು ಏನನ್ನುತ್ತಾರೆ ನೋಡುತ್ತೇನೆ ಎಂದೆ. ಅವಳು ತಲೆಯಲ್ಲಾಡಿಸಿದಳು.

"ಚಿತ್ರ ಹಾಳಾಗುತ್ತದೆ ಆಯಿ. ಇದೊಂದೇ ಉಳಿದಿರುವುದು."

"ನಿಂಗೆ ಅದು ಚಿತ್ರ, ಮಗಾ. ನಂಗೆ ಮನೆ."

ಬಟ್ಟಲನ್ನು ಅವಳು ಕೆಳಗಿಳಿಸಲಿಲ್ಲ. ಬೆರಳು ಅದ್ದಿದೆ. ಜಿಡ್ಡು, ತಣ್ಣಗೆ. ಬಾಗಿಲ ಕೆಳಗೆ, ಹೊಸ್ತಿಲಿನ ಗೆರೆಯ ಮೇಲೆ, ಉಳಿದ ಚಿತ್ರಕ್ಕೆ ತಾಗದಂತೆ ಸಣ್ಣಗೆ ಒಂದು ಬೊಟ್ಟು ಇಟ್ಟೆ.

ಆಯಿ ಬಗ್ಗಿ ನೋಡಿದಳು. ಪಕ್ಕದ ಮನೆಗಳ ಮುದ್ದೆಗಳನ್ನೂ ನೋಡಿದಳು. ಬಟ್ಟಲನ್ನು ಮತ್ತೆ ನನ್ನ ಮುಂದೆ ಹಿಡಿದಳು.

"ಇನ್ನೊಂಚೂರ್ ಹಚ್ಚೇ," ಎಂದಳು. "ದೂರದಿಂದ್ಲೂ ಕಾಣ್ಬೇಕು."