ಅದು ನಕ್ಷತ್ರ ಹುಡುಕುತ್ತಿತ್ತು

ಜಯಮ್ಮಕ್ಕ, ನಮ್ಮ ಮನೆಯ ಕಿಟಕಿಯ ಪಕ್ಕದಲ್ಲಿದ್ದ ಆ ಪುಟ್ಟ ಕಂಪ್ಯೂಟರು ನಿಮ್ಮ ಯಜಮಾನರಾದ ನಾರಾಯಣಣ್ಣನ ಎದೆಗೆ ಔಷಧಿ ಹುಡುಕುತ್ತಿರಲಿಲ್ಲ. ಹುಡುಕುತ್ತಿದೆ ಎಂದು ಅವರನ್ನು ನಂಬಿಸಿದವಳು ನಾನು. ಗೊತ್ತಿದ್ದೇ ನಂಬಿಸಿದೆ — ಇಲ್ಲ, ಮೊದಲ ದಿನ ಅದು ಪೂರ್ತಿ ಸುಳ್ಳಾಗಿರಲಿಲ್ಲ. ಯಾವಾಗ ಪೂರ್ತಿ ಸುಳ್ಳಾಯಿತು ಎಂದು ಎಷ್ಟು ಯೋಚಿಸಿದರೂ...

ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತೇನೆ. ಹಾಗೆ ಹೇಳದಿದ್ದರೆ ನಾನು ನನಗೆ ಬೇಕಾದುದನ್ನಷ್ಟೇ ಹೇಳಿ ಮುಗಿಸಿಬಿಡುತ್ತೇನೆ.

ನಾನು ಪಾಠ ಮಾಡುವ ಮಾಲೂರಿನ ಶಾಲೆಯಲ್ಲಿ ಮಕ್ಕಳಿಗೆ ತೋರಿಸಲೆಂದು ಆ ಕಂಪ್ಯೂಟರು ಕೊಂಡಿದ್ದೆ. ಅಂಗೈಯಗಲದ ಒಂದೇ ಹಲಗೆ, ಎಲ್ಲವೂ ಅದರ ಮೇಲೇ. ಶಾಲೆಗೆ ಒಯ್ಯದ ದಿನಗಳಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಸಂಶೋಧಕರು ತಮ್ಮ ದೊಡ್ಡ ಲೆಕ್ಕಗಳನ್ನು ಚೂರುಚೂರು ಮಾಡಿ ಇಂಟರ್‌ನೆಟ್‌ನಲ್ಲಿ ಕಳಿಸುತ್ತಾರೆ, ಯಾರ್ಯಾರದೋ ಮನೆಯಲ್ಲಿ ಬಿಡುವಾಗಿರುವ ಕಂಪ್ಯೂಟರುಗಳು ಅವನ್ನು ಬಿಡಿಸಿ ಉತ್ತರ ವಾಪಸು ಕಳಿಸುತ್ತವೆ ಎಂದು ಎಲ್ಲೋ ಓದಿದ್ದೆ. ನಾನೂ ಸೇರಿಕೊಂಡೆ. ನಮ್ಮ ಪಾಲಿಗೆ ಬಂದದ್ದು ದೇಹದ ಪ್ರೋಟೀನುಗಳ ಲೆಕ್ಕ. ಹೊಸ ಔಷಧಿಗಳಿಗೆ ದಾರಿಯಾಗಬಹುದು ಎಂದು ಅವರು ಬರೆದಿದ್ದರು. ಯಾವ ರೋಗಕ್ಕೆ, ಯಾವಾಗ — ಅದೇನೂ ಇರಲಿಲ್ಲ.

ಆ ವಾರವೇ ನಾರಾಯಣಣ್ಣ ಕೋಲಾರದ ಆಸ್ಪತ್ರೆಯ ಚೀಟಿ ಹಿಡಿದು ಬಂದರು. ಇಂಗ್ಲಿಷಿನಲ್ಲಿತ್ತು, ಓದಿ ಹೇಳೆಂದರು. ಮೂವತ್ತು ವರ್ಷ ವಿಗ್ರಹ ಕೆತ್ತಿದ ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತಿದೆ, ಇನ್ನು ಮೆಷಿನ್‌ನಿಂದ ಒಣಕಲ್ಲು ಕೊಯ್ಯಬಾರದು, ಸಾಧ್ಯವಾದರೆ ಈ ಕೆಲಸವನ್ನೇ ಬಿಡಬೇಕು ಎಂದಿತ್ತು. ಓದಿ ಹೇಳಿದೆ. ಅವರು ಚೀಟಿ ಮಡಿಸಿ ಜೇಬಿಗಿಟ್ಟುಕೊಂಡರು. ಆಮೇಲೆ ಕಿಟಕಿಯ ಕಡೆ ನೋಡಿ, "ಅದೇನಮ್ಮಾ, ಮಿಣುಕ್ ಮಿಣುಕ್ ಅಂತೈತೆ?" ಎಂದರು.

ಮಾತು ಬೇರೆ ಕಡೆ ತಿರುಗಿತಲ್ಲ ಎಂದು ನನಗೆ ಹಗುರವಾಯಿತು. ಉತ್ಸಾಹದಿಂದ ಎಲ್ಲ ವಿವರಿಸಿದೆ.

"ಹಂಗಾದ್ರೆ ನನ್ನ ಎದೆಗೂ ಔಷಧಿ ಹುಡುಕ್ತೈತಾ ಸುಮಾ?"

ಗೊತ್ತಿಲ್ಲ ಅಣ್ಣ ಎನ್ನಬೇಕಿತ್ತು. "ಹೂಂ ಅಣ್ಣ, ನಿಮ್ಮದಕ್ಕೂ ಹುಡುಕುತ್ತೆ" ಎಂದೆ.

ಅಷ್ಟೇ ಮಾತು. ಆದರೆ ಮರುದಿನದಿಂದ ಅವರು ದಿನವೂ ಬಂದರು. ಅದರ ಮೇಲೆ ಬೆರಳಿಟ್ಟು, ಬಿಸಿಯಿದ್ದರೆ "ಕೆಲ್ಸ ಮಾಡ್ತೈತೆ ಕಣಮ್ಮಾ" ಎಂದು ನಗುತ್ತಿದ್ದರು. ಕರೆಂಟು ಹೋದರೆ ಅವರೇ ಮೊದಲು ಬಂದು ವಿಚಾರಿಸುತ್ತಿದ್ದರು. ನಿಮಗೂ ಹೇಳಿದರು, ಬೀದಿಯವರಿಗೂ ಹೇಳಿದರು. ಅವರು ಹಾಗೆ ಹೇಳಿಕೊಂಡು ತಿರುಗುವಾಗ ನನಗೆ ಹೆಮ್ಮೆಯಾಗುತ್ತಿತ್ತು, ಅಕ್ಕ. ಅದನ್ನೂ ಒಪ್ಪಿಕೊಳ್ಳಬೇಕು.

ಕೆಲವು ತಿಂಗಳಿಗೆ ಆ ಲೆಕ್ಕಗಳು ಬರುವುದು ನಿಂತಿತು. ಅಷ್ಟು ಚಿಕ್ಕ ಯಂತ್ರಕ್ಕೆ ಕೊಡುವ ಕೆಲಸ ಆ ಸಂಶೋಧಕರಲ್ಲಿ ಮುಗಿದಿತ್ತು. ನಾರಾಯಣಣ್ಣ ಬೆರಳಿಟ್ಟು, "ತಣ್ಣಗೈತಲ್ಲಮ್ಮಾ, ಏನಾಯ್ತು?" ಎಂದರು. ಮುಖ ಸಣ್ಣದಾಗಿತ್ತು. ನಾಳೆ ಸರಿಹೋಗುತ್ತೆ ಎಂದೆ. ಸಂಜೆ ಇನ್ನೊಂದು ಸಂಶೋಧನೆಗೆ ಸೇರಿಸಿದೆ. ಅದು ಆಕಾಶದಿಂದ ಬರುವ ಸಂಕೇತಗಳನ್ನು ಜಾಲಾಡಿ ಹೊಸ ನಕ್ಷತ್ರಗಳನ್ನು ಹುಡುಕುವ ಲೆಕ್ಕ. ಒಳ್ಳೆಯ ಕೆಲಸವೇ, ನಿಜವಾದ ಕೆಲಸವೇ. ಆದರೆ ಎದೆಗೂ ಅದಕ್ಕೂ ಏನು ಸಂಬಂಧ? ಮರುದಿನ ಅವರು ಬೆರಳಿಟ್ಟರು, ಬಿಸಿಯಿತ್ತು, ನಕ್ಕರು. ನಾನು ಸುಮ್ಮನಿದ್ದೆ.

ಆಗಲೇ ಮುಳಬಾಗಿಲು ಕಡೆಯ ಒಂದು ಊರಿನವರು ಆಳೆತ್ತರದ ಗಣೇಶನನ್ನು ಕೆತ್ತಿಕೊಡಲು ಕೇಳಿದ್ದು, ನಾರಾಯಣಣ್ಣ ಒಪ್ಪಿಕೊಂಡದ್ದು. ನೀವು ನಮ್ಮ ಅಡುಗೆಮನೆಗೇ ಬಂದು ನನ್ನ ಕೈ ಹಿಡಿದುಕೊಂಡಿರಿ. "ನೀನಾದ್ರೂ ಹೇಳೇ ಸುಮಾ, ಮೆಷಿನ್ ಮುಟ್ಬೇಡಿ ಅಂತ. ನನ್ನ ಮಾತು ಕೇಳಲ್ಲ ಅವ್ರು, ನಿನ್ನ ಮಾತು ಕೇಳ್ತಾರೆ."

ಹೋದೆ. ಕೆತ್ತನೆಯ ಚಪ್ಪರದ ಕೆಳಗೆ ಅವರ ರೆಪ್ಪೆಯ ಮೇಲೂ ಬಿಳಿ ಧೂಳು. ಮೂಗಿಗೆ ಒಂದು ಟವೆಲು. ನಾನು ಬಾಯಿ ತೆರೆಯುವ ಮೊದಲೇ ಮೆಷಿನ್ ನಿಲ್ಲಿಸಿ ಹೇಳಿದರು: "ಗೊತ್ತಮ್ಮಾ, ಅವಳೇ ಕಳಿಸಿರೋದು. ಔಷಧಿ ಬರೋ ಹೊತ್ಗೆ ಇದೊಂದು ಮುಗಿಸಿಬಿಡ್ತೀನಿ. ನೀನೇ ಹೇಳಿದ್ಯಲ್ಲ, ಹುಡುಕ್ತೈತೆ ಅಂತ."

ಆಗ ಹೇಳಬಹುದಿತ್ತು. ಒಂದೇ ವಾಕ್ಯ. ನಾನು ಹೇಳಿದ್ದು, "ಟವೆಲು ಒದ್ದೆ ಮಾಡಿ ಕಟ್ಕೊಳ್ಳಿ ಅಣ್ಣ" ಎಂದು. ವಾಪಸು ಬಂದು ನಿಮಗೆ, "ಹೇಳಿದೀನಿ ಅಕ್ಕ, ನೋಡೋಣ" ಎಂದೆ.

ಅವರು ಗಣೇಶನನ್ನು ಮುಗಿಸಿದರು. ಮುಂದಿನ ಚಳಿಗಾಲದಲ್ಲಿ ಮಂಚದ ಪಕ್ಕಕ್ಕೆ ಆಕ್ಸಿಜನ್ ಸಿಲಿಂಡರ್ ಬಂತು. ಯುಗಾದಿಗೆ ಅವರಿರಲಿಲ್ಲ.

ನನ್ನ ಮಾತಿನಿಂದಲೇ ಹೋದರೇ? ಗೊತ್ತಿಲ್ಲ ಅಕ್ಕ. ಆ ಧೂಳು ಒಮ್ಮೆ ಕೂತರೆ ಹೋಗುವುದಿಲ್ಲ ಎಂದು ಡಾಕ್ಟರೇ ಹೇಳಿದ್ದರು. ನಾನು ನಿಜ ಹೇಳಿದ್ದರೂ ಅವರು ಕೆತ್ತುತ್ತಿದ್ದರೋ ಏನೋ — ಅವರ ಕೈ ಸುಮ್ಮನಿರುವ ಕೈಯಲ್ಲ. ಅಥವಾ ಮೆಷಿನ್ ಬಿಟ್ಟು ಇನ್ನೊಂದೆರಡು ವರ್ಷ ಜಗಲಿಯ ಮೇಲೆ ಕೂತು ಮಾತಾಡುತ್ತಿದ್ದರೋ. ದಿನಕ್ಕೊಮ್ಮೆ ಬೆರಳಿಟ್ಟು ನಗುತ್ತಿದ್ದರಲ್ಲ, ಆ ನಗುವನ್ನು ಕೊಟ್ಟವಳೂ ನಾನೇ ಎಂದು ಒಂದು ದಿನ ಅನ್ನಿಸುತ್ತದೆ. ಮಾರನೆಯ ದಿನ ಹಾಗೆ ಅನ್ನಿಸಿದ್ದಕ್ಕೇ ನಾಚಿಕೆಯಾಗುತ್ತದೆ. ಯಾವುದು ಸರಿ ಎಂದು ನನಗೆ ಇವತ್ತಿಗೂ...

ತಿಥಿಯ ದಿನ ನೀವು ಎಲ್ಲರೆದುರು, "ಈ ಹುಡುಗಿ ಮೆಷಿನ್ ಕೊನೇ ತನಕ ಅವ್ರಿಗೋಸ್ಕರ ಒದ್ದಾಡ್ತು" ಎಂದಿರಿ. ತಲೆ ತಗ್ಗಿಸಿದೆ. ದುಃಖಕ್ಕೆ ಎಂದುಕೊಂಡರು ಎಲ್ಲರೂ.

ಇದನ್ನು ಹೀಗೇ ಹೊತ್ತುಕೊಂಡು ಇದ್ದುಬಿಡುತ್ತಿದ್ದೆನೋ ಏನೋ. ಆದರೆ ಮೊನ್ನೆ ನೀವು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ ಕೇಳಿದಿರಿ: "ಗಿರೀಶಂಗೂ ಕೆಮ್ಮು ಶುರುವಾಗೈತೆ ಸುಮಾ. ನಿನ್ನ ಕಿಟಕಿ ಹತ್ರದ ಆ ಮೆಷಿನ್ ಇನ್ನೂ ನಡೀತೈತಾ? ಇವನ ಹೊತ್ಗಾದ್ರೂ ಔಷಧಿ ಸಿಕ್ತೈತಲ್ವಾ?"

ನಿಮ್ಮ ಮಗ. ಅದೇ ಚಪ್ಪರ, ಕಲ್ಲು ಕೊಯ್ಯುವ ಅದೇ ಮೆಷಿನ್. ಮತ್ತು ನಾನು — ಇಷ್ಟು ವರ್ಷಗಳ ಮೇಲೂ — ತಲೆಯಾಡಿಸಿದೆ. ಹೂಂ ಎಂದೂ ಅಲ್ಲ, ಇಲ್ಲವೆಂದೂ ಅಲ್ಲ. ನೀವು ಅದನ್ನು ಹೂಂ ಎಂದೇ ತೆಗೆದುಕೊಂಡು ಹೋದಿರಿ. ನಾನು ಕೂಗಿ ಕರೆಯಲಿಲ್ಲ.

ನಿಮಗೆ ಓದಲು ಬರುವುದಿಲ್ಲ. ಹಾಗಾಗಿ ಇದನ್ನು ಬರೆದಿಟ್ಟು ಹಗುರಾಗಲು ನನಗೆ ಸಾಧ್ಯವಿಲ್ಲ. ನಾಳೆ ಬೆಳಿಗ್ಗೆ ಗಿರೀಶ ಕೆಲಸ ಶುರು ಮಾಡುವ ಮೊದಲು ನಾನೇ ನಿಮ್ಮ ಮನೆಗೆ ಬಂದು ಓದುತ್ತೇನೆ. ಅವನೂ ಇರಲಿ. ನಡುವೆ ನನ್ನ ಧೈರ್ಯ ಹೋದರೆ ಉಳಿದದ್ದನ್ನೆಲ್ಲ ಬಿಟ್ಟು ಇಷ್ಟನ್ನಾದರೂ ಹೇಳುತ್ತೇನೆ: ಯಾವ ಔಷಧಿಯೂ ಬರುತ್ತಿಲ್ಲ, ಗಿರೀಶ. ಇವತ್ತು ಆ ಕಲ್ಲು ಕೊಯ್ಯುವ ಮೆಷಿನ್ ಮುಟ್ಟಬೇಡ. ಕೋಲಾರದ ಆಸ್ಪತ್ರೆಗೆ ಹೋಗೋಣ, ನಡಿ.