ಪಿನ್ನು ಬಾಗಿದ ಬಿಲ್ಲೆ

ಅಕ್ಕ ಖಾಕಿ ಅಂಗಿಯನ್ನು ಮಡಿಲಲ್ಲಿ ಹರಡಿಕೊಂಡು, ತೋಳಿನ ಮೇಲಿದ್ದ ಲಾಂಛನದ ಹೊಲಿಗೆಯನ್ನು ಬ್ಲೇಡಿನಿಂದ ಬಿಡಿಸುತ್ತಿದ್ದಳು. ಅದು ಕಳಚಿ ಬಂದಾಗ ಅಡಿಯಲ್ಲಿದ್ದ ಬಟ್ಟೆ ಸುತ್ತಲಿನದಕ್ಕಿಂತ ಗಾಢವಾಗಿತ್ತು. ಹೀಗೆಂದು ನಾನು ಹಲವರಿಗೆ ಹೇಳಿದ್ದೇನೆ. ಬರೆಯಲು ಕೂತರೆ ಅನುಮಾನ. ಅವಳು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಇನ್ನೂ ಖಾಯಂ ಕೂಡ ಆಗಿರಲಿಲ್ಲ. ಅಷ್ಟರಲ್ಲೇ ಖಾಕಿ ಅಷ್ಟು ಮಾಸುತ್ತದೆಯೇ? ಆ ಗಾಢ ಚೌಕವನ್ನು ನಾನೇ ಸೇರಿಸಿರಬೇಕು. ಬ್ಲೇಡು ಮಾತ್ರ ನಿಜ. ಅಂಗಡಿಯಿಂದ ತಂದುಕೊಟ್ಟವಳು ನಾನು.

ಎದೆಯ ಮೇಲಿನ ಬಿಲ್ಲೆಯನ್ನು, ಕಂಡಕ್ಟರ್ ನಂಬರಿನ ಬ್ಯಾಡ್ಜನ್ನು, ಅವಳು ಮೊದಲೇ ಬಾಗಿದ ಪಿನ್ನು ತಿರುಗಿಸಿ ತೆಗೆದು ಪಕ್ಕದಲ್ಲಿಟ್ಟುಕೊಂಡಿದ್ದಳು.

"ಅದನ್ನೂ ಡಿಪೋಗೆ ಕೊಡ್ಬೇಕಾ ಅಕ್ಕ?"

"ಯಾಕ್ ಕೊಡ್ಲಿ? ಅವರು ಕೊಟ್ಟಿದ್ದು ಮಿಷನ್ನು, ಬ್ಯಾಗು, ಐಡಿ ಕಾರ್ಡು. ತಗೊಂಡ್ರು. ಈ ತೋಳಿಂದೂ ಅವರ್ದೇ, ಬಿಚ್ತಿದೀನಿ. ಬಿಲ್ಲೆ ಆರ್‌ಟಿಓ ಆಫೀಸಿಂದು. ನಾನೇ ಬಿಸಿಲಲ್ಲಿ ಕ್ಯೂ ನಿಂತು ತಗೊಂಡಿದ್ದು. ಇದರ ನಂಬರ್ ನಂದು ಕಣೇ."

ಅಲ್ಲಿಯವರೆಗೆ ನನಗೆ ಎರಡೂ ಒಂದೇ ಆಗಿದ್ದವು, ಯೂನಿಫಾರ್ಮಿನ ಮೇಲಿನ ಸಾಮಾನುಗಳು. ಆಮೇಲೆ ನಿಘಂಟು ತೆಗೆದು ಲಾಂಛನಕ್ಕೂ ಬಿಲ್ಲೆಗೂ ಏನು ವ್ಯತ್ಯಾಸ ಎಂದು ನೋಡಿದೆ. ಅದಕ್ಕೂ ಅಕ್ಕನಷ್ಟು ಖಚಿತವಾಗಿ ಗೊತ್ತಿರಲಿಲ್ಲ. ಅವಳು ಬಾಗಿಲಲ್ಲಿ ನೇತಾಡುವವನಿಗೆ "ಒಳಗ್ ಬಾರಯ್ಯ" ಎಂದರೆ ಅವನು ಗೊಣಗುತ್ತಲೇ ಬರುತ್ತಿದ್ದದ್ದು ತೋಳಿನ ಮೇಲಿದ್ದದ್ದಕ್ಕೆ. ಅಲ್ಲಿ ಮಾತಾಡುತ್ತಿದ್ದವಳು ಅವಳಲ್ಲ. ಲಾಂಛನ ಯಾರ ಪರವಾಗಿ ಮಾತು ಎಂದು ಹೇಳುತ್ತದೆ, ಸಾವಿರಾರು ತೋಳುಗಳ ಮೇಲೆ ಒಂದೇ ಥರ. ಬಿಲ್ಲೆ ಹೇಳುವುದು, ಮಾತಾಡಿದವಳು ಇವಳು ಎಂದು. ಒಂದು ಹೋದರೂ ಇನ್ನೊಂದು ಉಳಿಯುತ್ತದೆ, ಅದನ್ನು ಹಿಡಿದುಕೊಂಡು ಮತ್ತೆ ಬಸ್ಸು ಹತ್ತಬಹುದು ಎಂದು ಅಕ್ಕ ನಂಬಿದ್ದಳು. ನಾನೂ ನಂಬಿದೆ.

ಕೆಲಸ ಹೋದದ್ದು ಒಂದು ಅಭ್ಯಾಸದಿಂದ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೂ ಟಿಕೆಟ್ ಹರಿಯಲೇಬೇಕು, ತಲೆಗೊಂದು ಸೊನ್ನೆ ರೂಪಾಯಿಯ ಟಿಕೆಟ್. ಅವನ್ನು ಎಣಿಸಿಯೇ ಸರ್ಕಾರ ಬಸ್ಸಿನವರಿಗೆ ದುಡ್ಡು ಕೊಡುವುದು. ಕೋಲಾರದಿಂದ ಮಾಲೂರಿಗೆ ಹೋಗುವಾಗ ವಕ್ಕಲೇರಿ ದಾಟಿದ ಮೇಲೆ ಒಂದು ತೋಟದ ಗೇಟಿನ ಹತ್ತಿರ ಕೂಲಿ ಹೆಂಗಸರು ದಿನಾ ಒಟ್ಟಿಗೆ ಹತ್ತುತ್ತಿದ್ದರು. ಹತ್ತಿದ ಮೇಲೆ ಕೈಯಾಡಿಸಲೂ ಜಾಗ ಇರುತ್ತಿರಲಿಲ್ಲ. ಅದಕ್ಕೇ ಅಕ್ಕ ಅವರ ಟಿಕೆಟ್ಟುಗಳನ್ನು ಹಿಂದಿನ ಸ್ಟಾಪಿನಲ್ಲೇ ಹರಿದು ಬೆರಳ ಸಂದಿಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಅವತ್ತು ಆ ಎರಡು ಸ್ಟಾಪುಗಳ ನಡುವೆ ಚೆಕಿಂಗ್‌ನವರು ಹತ್ತಿದರು.

"ಕೈಯಲ್ಲಿರೋ ಟಿಕೆಟ್ಟಿನವರೆಲ್ಲಾ ಎಲ್ಲಿದಾರಮ್ಮಾ?"

"ಮುಂದಿನ ಸ್ಟಾಪಲ್ಲಿ ಹತ್ತುತಾರೆ ಸಾರ್."

"ಹತ್ತೋಕ್ ಮುಂಚೆನೇ ಟಿಕೆಟ್ಟಾ? ಜ್ಯೋತಿಷ್ಯಾನೂ ಹೇಳ್ತೀಯಾ?"

ಬಸ್ಸೆಲ್ಲ ನಕ್ಕಿತಂತೆ. ಮುಂದಿನ ಸ್ಟಾಪು ಬಂತು. ಗೇಟಿನ ಮುಂದೆ ಒಂದು ನಾಯಿ ಮಲಗಿತ್ತು, ಬೇರೆ ಯಾರೂ ಇರಲಿಲ್ಲ. ಬೆಳಿಗ್ಗೆ ಅವರ ಊರಲ್ಲಿ ಒಂದು ಸಾವಾಗಿತ್ತೆಂದು ತಿಳಿದದ್ದು ಮರುದಿನ. ವಿಚಾರಣೆಯಲ್ಲಿ ಅಕ್ಕ ಅದನ್ನು ಹೇಳಿದಳು. ಸತ್ತವರು ಯಾರು ಎಂದು ಕೇಳಿದರು. ಅವಳಿಗೆ ಹೆಸರು ಗೊತ್ತಿರಲಿಲ್ಲ. ಇಲ್ಲದ ಹೆಂಗಸರಿಗೆ ಟಿಕೆಟ್ ಹರಿದವಳು ಎಂದು ಮನೆಗೆ ಕಳಿಸಿದರು.

ಅಕ್ಕ ಬಿಲ್ಲೆಯನ್ನು ಪರ್ಸಿನಲ್ಲಿಟ್ಟುಕೊಂಡು ಖಾಸಗಿ ಬಸ್ಸಿನ ಓನರುಗಳ ಬಳಿ ಅಲೆದಳು. ಜೊತೆಗೆ ನಾನಿದ್ದೆ. ಹೆಂಗಸು ಕಂಡಕ್ಟರ್ ಎಂದರೆ ಕೆಲವರು ಟೀ ತರಿಸಿ ಕುಡಿಸಿ ಕಳಿಸಿದರು. ಮುಳಬಾಗಿಲಿನ ಒಬ್ಬ ಮಾತ್ರ ಬಿಲ್ಲೆಯನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಏಮಮ್ಮಾ, ಇದು ಚಾಲ್ತಿಯಲ್ಲಿದೆಯಾ?"

"ಇದೆ ಸಾರ್. ನಾಳೆಯಿಂದಾನೇ ಬರ್ತೀನಿ."

"ನೀನ್ ಬರೋದು ಈಗ ಬೇಡಮ್ಮ. ಇದನ್ನ ಬಿಟ್ಟೋಗು. ನಮ್ ಬಾಮೈದ ಬಸ್ಸಲ್ಲಿದಾನೆ, ಅವನಿಗೆ ಬಿಲ್ಲೆ ಇಲ್ಲ, ಚೆಕಿಂಗಲ್ಲಿ ರಗಳೆ."

"ನಂಬರ್ ನಂದಲ್ವಾ ಸಾರ್? ಲೈಸೆನ್ಸಲ್ಲಿ ನನ್ ಫೋಟೋ ಇದೆ."

"ಲೈಸೆನ್ಸ್ ಯಾವನ್ ಕೇಳ್ತಾನೆ? ಎದೆ ಮೇಲೆ ಏನೋ ಹೊಳೆದ್ರೆ ಸಾಕು. ಹೊಸ ಬಸ್ ಬುಕ್ ಮಾಡಿದೀನಿ. ಬರ್ಲಿ, ಅದಕ್ಕೆ ನೀನೇ."

ಅಕ್ಕ ಬಿಲ್ಲೆಯನ್ನು ವಾಪಸ್ ಪರ್ಸಿಗೆ ಹಾಕಿಕೊಂಡು ಎದ್ದಳು. ಮನೆಯಲ್ಲಿ ಅಮ್ಮ, "ಬೀರುವಲ್ಲಿಟ್ಟು ಏನ್ ಮಾಡ್ತೀಯೇ, ಪೂಜೆ ಮಾಡ್ತೀಯಾ?" ಎಂದಳು. ಮಾರನೆಯ ದಿನ ಅಕ್ಕ ಒಬ್ಬಳೇ ಹೋಗಿ ಕೊಟ್ಟು ಬಂದಳು. ಕೊಡುವಾಗ ಏನು ಹೇಳಿದಳೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ ಕಡೆಯೇ ನನ್ನ ನೆನಪು ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೆ ಇಲ್ಲಿ ಬಿಟ್ಟುಬಿಡುತ್ತೇನೆ.

ಆಮೇಲೆ ಅವಳು ಫೋನ್ ರಿಂಗಾದಾಗಲೆಲ್ಲ ಕೈ ಒರೆಸಿಕೊಂಡು ಓಡುತ್ತಿದ್ದ ದಿನಗಳು. ಆಮೇಲೆ ಓಡದ ದಿನಗಳು.

ಶ್ರೀನಿವಾಸಪುರದಲ್ಲಿ ನೆಂಟರ ಮಗುವಿನ ನಾಮಕರಣವಿತ್ತು. ಮುಳಬಾಗಿಲಿನಲ್ಲಿ ನಾವಿಬ್ಬರೂ ಹತ್ತಿದ ಬಸ್ಸಿನ ಸೀಟುಗಳ ಪ್ಲಾಸ್ಟಿಕ್ ಕವರು ಇನ್ನೂ ತೆಗೆದಿರಲಿಲ್ಲ. ಗಾಜಿನ ಮೇಲೆ ಅದೇ ಓನರಿನ ಬಸ್ಸುಗಳ ಹೆಸರು. ಅಕ್ಕ ಅದನ್ನು ಓದಿ, ಹತ್ತಿ, ಮುಂದೆ ಕೂತಳು. ಕಂಡಕ್ಟರ್ ಹೊಟ್ಟೆ ಬಂದ ಗಂಡಸು, ಬಣ್ಣದ ಅಂಗಿ. ಊರು ದಾಟುವಾಗ ಎದುರಿನ ಲಾರಿಯವನು ಲೈಟ್ ಮಿಣುಕಿಸಿ ಕೈ ತೋರಿಸಿದ. ಮುಂದೆ ಆರ್‌ಟಿಓದವರ ಚೆಕಿಂಗ್ ಇದೆ ಎಂದು.

"ಲೇ, ಬಿಲ್ಲೆ ಹಾಕ್ಕೊಳೋ!" ಎಂದು ಡ್ರೈವರ್ ಕೂಗಿದ.

ಅವನು ಪ್ಯಾಂಟಿನ ಜೇಬಿನಿಂದ, ಚಿಲ್ಲರೆಯ ಜೊತೆಗೆ, ಅದನ್ನು ತೆಗೆದ. ಎದೆಗೆ ಹಿಡಿದು ತಿಣುಕಿದ. ಪಿನ್ನು ಬಾಗಿತ್ತು, ಮೊದಲಿನಿಂದಲೂ ಬಾಗಿತ್ತು. "ಥೂ, ಇದರಜ್ಜಿ" ಎಂದ. ಅಕ್ಕ ಎದ್ದು ಅವನ ಕೈಯಿಂದ ತೆಗೆದುಕೊಂಡಳು.

"ಮೇಲಕ್ಕೊತ್ತಿ ತಿರುಗಿಸ್ಬೇಕಪ್ಪ. ನೇರ ಚುಚ್ಚಿದ್ರೆ ಹೋಗಲ್ಲ."

ಅವನ ಎಡ ಎದೆಯ ಮೇಲೆ ಅವಳೇ ಚುಚ್ಚಿದಳು. ಬಟ್ಟೆ ಎಳೆದು ನೇರ ಮಾಡಿದಳು. ನಂಬರನ್ನು ನಾನು ಓದಿದೆನೆಂದು ಪ್ರಮಾಣ ಮಾಡಲಾರೆ. ಬಸ್ಸು ಕುಲುಕುತ್ತಿತ್ತು.

"ನಿಮಗೆಂಗ್ ಗೊತ್ತಮ್ಮಾ?" ಎಂದು ಅವನು ನಕ್ಕ.

ಅಕ್ಕ ಸೀಟಿಗೆ ಬಂದು ಕೂತಳು. ಜೀಪಿನ ಪಕ್ಕ ನಿಂತಿದ್ದವರು ಯಾರನ್ನೋ ಬೈಯುತ್ತಿದ್ದರು, ನಮ್ಮ ಬಸ್ಸಿನತ್ತ ತಿರುಗಿಯೂ ನೋಡದೆ ಹೋಗಿ ಎಂದು ಕೈ ಬೀಸಿದರು. ಅವನು ಬಿಲ್ಲೆಯನ್ನು ಬಿಚ್ಚಲು ನೋಡಿ, ಆಗದೆ, ಹಾಗೇ ಬಿಟ್ಟ. ನಮ್ಮ ಕಡೆ ತಿರುಗಿದ.

"ಎಲ್ಲಿಗಮ್ಮಾ?"

"ಶ್ರೀನಿವಾಸಪುರ. ಎರಡು ಕೊಡಿ," ಎಂದಳು ಅಕ್ಕ. ಅವನು ದುಡ್ಡು ತೆಗೆದುಕೊಂಡ, ಟಿಕೆಟ್ ಕೊಡಲಿಲ್ಲ. ಖಾಸಗಿ ಬಸ್ಸಿನಲ್ಲಿ ಯಾರೂ ಕೇಳುವುದಿಲ್ಲ. ಅಕ್ಕ ಮಾತ್ರ ಕೈ ಚಾಚಿಕೊಂಡೇ ಕೂತಿದ್ದಳು, ಅವನು ಹಿಂದಿನ ಸೀಟಿಗೆ ಹೋದ ಮೇಲೂ.