ದಡ್ಡಿ ಹಾದಿಯ ತಿರುವು

ಇದನ್ನು ನಂಬಿ ಎಂದು ನಾನು ಯಾರನ್ನೂ ಒತ್ತಾಯ ಮಾಡುವುದಿಲ್ಲ. ನನ್ನ ಹೆಂಡತಿಯೇ ನಂಬಿಲ್ಲ. "ಬಿಸಲಾಗ ಅಡ್ಡಾಡಿ ತಲಿ ತಿರಗಿತ್ತು ನಿಮಗ" ಎಂದು ಇಂದಿಗೂ ಅನ್ನುತ್ತಾಳೆ. ಇರಬಹುದು. ಆದರೆ ಆ ರಾತ್ರಿ ನನ್ನ ಜೊತೆ ಇನ್ನೊಬ್ಬರಿದ್ದರು. ನನಗೆ ಕೇಳಿಸಿದ್ದೇ ಅವರಿಗೂ ಕೇಳಿಸಿತು. ಇಬ್ಬರ ತಲೆ ಒಂದೇ ಹೊತ್ತಿಗೆ, ಒಂದೇ ರೀತಿ ತಿರುಗುವುದುಂಟೇ?

ನಮ್ಮ ಜಿಲ್ಲೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಗೋಕಾಕದ ಪೇಟೆಯಲ್ಲಿ ನಮ್ಮದು ಕಿರಾಣಿ ಅಂಗಡಿ. ಆದರೆ ನನಗೆ ಹಳೆಯ ಮೋಟಾರುಗಳ ಹುಚ್ಚು. ಮೊದಲ ಮಹಾಯುದ್ಧಕ್ಕೂ ಮುಂಚೆ, ಮೋಟಾರು ಕಂಡರೆ ಎತ್ತುಗಳು ಗಾಡಿ ಸಮೇತ ಹೊಲಕ್ಕೆ ನುಗ್ಗುತ್ತಿದ್ದ ಕಾಲದಲ್ಲಿ, ದಂಡಿನ ಬಿಳಿಯ ಸಾಹೇಬರು ಯಮಕನಮರಡಿಯಿಂದ ದಡ್ಡಿಯ ಕಡೆಗೆ ಪಂದ್ಯ ಕಟ್ಟಿ ಮೋಟಾರು ಓಡಿಸುತ್ತಿದ್ದರಂತೆ. ಅಂಗಡಿಗೆ ಬರುವ ಮುದುಕರು ಹೇಳಿದ ಮಾತು. ಆಮೇಲೆ ಹೊಸ ರಸ್ತೆ ಬೇರೆ ದಿಕ್ಕಿನಲ್ಲಿ ಆಯಿತು. ಹಳೆಯ ಹಾದಿಯನ್ನು ಹೊಲದವರು ತುಸುತುಸುವೇ ಉತ್ತು ಸೇರಿಸಿಕೊಂಡರು. ಸಾಹೇಬರು ಇಳಿಯುತ್ತಿದ್ದ ಬಂಗಲೆ, ಪಂದ್ಯದ ಗುರುತಿಗೆ ಸುಣ್ಣ ಬಳಿದ ಕಂಬ, ಮೋಟಾರು ಮಗುಚುತ್ತದೆಂದು ಎಲ್ಲರೂ ಹೆದರುತ್ತಿದ್ದ ಒಂದು ತಿರುವು, ಯಾವುದೂ ಉಳಿಯಲಿಲ್ಲ.

ಆ ತಿರುವನ್ನು ಹುಡುಕುವ ಚಟ ನನಗೂ ಭೀಮಶಿ ಮಾಸ್ತರರಿಗೂ ಹತ್ತಿತ್ತು. ಅವರು ಗೋಕಾಕದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರು. ಹುಟ್ಟಿದ್ದು ದಡ್ಡಿಯ ಕಡೆಯ ಒಂದು ಹಳ್ಳಿಯ ಕೇರಿಯಲ್ಲಿ. ರವಿವಾರ ಬಂತೆಂದರೆ ಇಬ್ಬರೂ ಬಸ್ಸು ಹತ್ತುತ್ತಿದ್ದೆವು. ಇಳಿದ ಮೇಲೆ ನಡಿಗೆ. ಕಂಡಕಂಡ ಮುದುಕರನ್ನು ಮಾತಿಗೆಳೆಯುತ್ತಿದ್ದೆವು. ಒಬ್ಬ ಹಳ್ಳದ ಈಚೆ ಅನ್ನುತ್ತಿದ್ದ, ಇನ್ನೊಬ್ಬ ಆಚೆ ಅನ್ನುತ್ತಿದ್ದ. ಹೀಗೆಯೇ ವರ್ಷ ಕಳೆಯಿತು. ನನಗೆ ಬೇಕಿದ್ದದ್ದು ಮೋಟಾರಿನ ಕಥೆ. ಮಾಸ್ತರರಿಗೆ ಏನು ಬೇಕಿತ್ತೋ ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಪರೀಕ್ಷೆಗಳು ಮುಗಿದ ಬೇಸಿಗೆ. ಅವತ್ತು ಮಾಸ್ತರರು ಮೊದಲ ಸಲ ನನ್ನನ್ನು ತಮ್ಮ ಹಳ್ಳಿಯ ಮನೆಗೆ ಕರೆದುಕೊಂಡು ಹೋದರು.

ಒಂದೇ ಅಂಕಣದ ಮನೆ. ಗೋಡೆಯ ಮೇಲೆ ಬುದ್ಧನ ಚಿತ್ರ. ಅವರ ತಾಯಿ ಸತ್ಯವ್ವ ರೊಟ್ಟಿ ಬಡಿಯುತ್ತಿದ್ದಳು. ಎಪ್ಪತ್ತರ ಹತ್ತಿರದ ಮುದುಕಿ. ಕೈತುಂಬ ಹಸಿರು ಬಳೆ, ಹಣೆಯಲ್ಲಿ ದೊಡ್ಡ ಕುಂಕುಮ. ಮಾಸ್ತರರಿಗೆ ತಂದೆ ಇಲ್ಲವೆಂದು ನಾನು ತಿಳಿದಿದ್ದೆ. ನನ್ನ ಕಣ್ಣು ಎಲ್ಲಿದೆ ಎಂಬುದು ಮುದುಕಿಗೆ ಗೊತ್ತಾಯಿತು.

"ಸತ್ತಾರ ಅಂತ ಯಾರೂ ನನಗ ಹೇಳಿಲ್ಲ ತಮ್ಮಾ" ಎಂದಳು. "ಹೆಂಗ ಬಳಿ ಒಡೀಲಿ?"

ನಾನು ತಲೆ ತಗ್ಗಿಸಿದೆ. ಅವಳು ರೊಟ್ಟಿ ತಿರುವಿ ಹಾಕುತ್ತ ಹೇಳಿದಳು. ಪಂದ್ಯದ ಮುಂಚೆ ಹಾದಿಯ ಧೂಳು ಅಡಗಬೇಕೆಂದು ಕೇರಿಯವರಿಗೆಲ್ಲ ಹುಕುಂ ಆಯಿತಂತೆ. ಹೊಳೆಯಿಂದ ನೀರು ಹೊತ್ತು ಹಾದಿಯುದ್ದಕ್ಕೂ ಹೊಡೆಯಬೇಕು. ಕೂಲಿ ಇಲ್ಲ, ಬಿಟ್ಟಿ ಚಾಕರಿ. ಗಂಡ ಲಗಮಣ್ಣ ರಾತ್ರಿ ಹಗಲು ನೀರು ಹೊತ್ತ. ಪಂದ್ಯದ ದಿನ ಅವನ ಕೈಗೆ ಕೆಂಪು ಬಟ್ಟೆ ಕೊಟ್ಟು ತಿರುವಿನಲ್ಲಿ ನಿಲ್ಲಿಸಿದರು.

"ಕಡೀ ಮೋಟಾರ ಹೋಗೂತನಕ ಅಲ್ಲಿಂದ ಕದಲಬ್ಯಾಡ ಅಂದಿದ್ರಂತ. ಸಂಜೀಕ ಎಲ್ಲಾರೂ ಮನಿಗಿ ಬಂದ್ರು. ಇವರು ಬರಲಿಲ್ಲ."

"ಕೇಳಲಿಲ್ಲೇನವ್ವಾ ನೀವು?"

"ಕೇಳಿದ್ನೆಪಾ. ಮುಂಬೈಗಿ ಓಡಿ ಹೋಗ್ಯಾನ, ಗಿರಣ್ಯಾಗ ಕೆಲಸಾ ಹಿಡದಾನ ಅಂದ್ರು. ಆವಾಗ ಇಂವ ನನ್ನ ಹೊಟ್ಯಾಗಿದ್ದ." ಮಗನ ಕಡೆ ನೋಡಿದಳು. "ಸತ್ತಾರೋ, ನನ್ನ ಬಿಟ್ಟ ಹೋಗ್ಯಾರೋ, ಅಷ್ಟ ಗೊತ್ತಾದ್ರ ಸಾಕಾಗಿತ್ತು. ಹಂಗ ಕಾಯೂದ ಆತು."

ಮಾಸ್ತರರು ಎದ್ದು ಹೊರಗೆ ಹೋದರು. ಓಡಿಹೋದವನ ಮಗ ಎಂದು ಅವರನ್ನು ಸಣ್ಣವರಿದ್ದಾಗ ಎಲ್ಲರೂ ಆಡಿಕೊಂಡಿದ್ದರಂತೆ. ಅದನ್ನು ಅವರು ನನಗೆ ಹೇಳಿದ್ದು ಆ ಮಧ್ಯಾಹ್ನ, ಹಾದಿಯಲ್ಲಿ.

ಅವತ್ತೂ ಏನೂ ಸಿಗಲಿಲ್ಲ. ಉರಿಬಿಸಿಲು. ಜೋಳ ಕೊಯ್ದ ಹೊಲಗಳಲ್ಲಿ ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಎಲ್ಲಾದರೂ ಹಳೆಯ ಹಾದಿಯ ಖಡಿಕಲ್ಲು ಕಾಣಬಹುದೇ ಎಂದು ನೆಲ ನೋಡುತ್ತ ನಡೆದು ಕತ್ತು ಸೆಟೆದುಹೋಯಿತು. ನೀರಿನ ಬಾಟ್ಲಿ ಖಾಲಿಯಾಯಿತು. ಹೊತ್ತು ಇಳಿಯುವಾಗ ಇಬ್ಬರೂ ಒಂದು ಬದುವಿನ ಮೇಲೆ ಕುಸಿದು ಕೂತೆವು.

"ಸಾಕ ಮಾಡೂಣ್ರಿ ಮಲ್ಲಪ್ಪಣ್ಣಾ" ಎಂದರು ಮಾಸ್ತರರು. "ಇನ್ನ ನನ್ನ ಕೈಲೆ ಆಗೂದಿಲ್ಲ."

ನನಗೂ ಅದೇ ಬೇಕಾಗಿತ್ತು. ಎದ್ದು ಹಳ್ಳಿಯ ಕಡೆ ಹೊರಟೆವು. ಕತ್ತಲಾಯಿತು. ಅಮಾವಾಸ್ಯೆ ಹತ್ತಿರವಿತ್ತು, ಚಂದ್ರನಿಲ್ಲ. ದೂರದಲ್ಲಿ ಹಳ್ಳಿಯ ಒಂದೆರಡು ದೀಪ ಮಾತ್ರ. ಅವುಗಳನ್ನೇ ಗುರುತಿಟ್ಟುಕೊಂಡು ಹೊಲದಲ್ಲಿ ಅಡ್ಡ ಹಾಯ್ದೆವು. ಮಾತಾಡುವುದಕ್ಕೂ ಶಕ್ತಿ ಇರಲಿಲ್ಲ. ಮುಂದೆ ಅವರು, ಹಿಂದೆ ನಾನು.

ಎಷ್ಟು ಹೊತ್ತಿನಿಂದ ಹಾಗಿತ್ತೋ ಗೊತ್ತಿಲ್ಲ... ನಡಿಗೆ ಹಗುರವಾಗಿದೆ ಎಂದು ನನಗೆ ಅನ್ನಿಸಿತು. ಕೂಳೆ ಚುಚ್ಚುತ್ತಿಲ್ಲ. ಹೆಂಟೆ ಎಡವುತ್ತಿಲ್ಲ. ಕಾಲ ಕೆಳಗೆ ನೆಲ ಗಟ್ಟಿಯಾಗಿ, ಸಮವಾಗಿ, ರೋಲರು ಹೊಡೆದ ಹಾಗಿದೆ. ದಣಿದ ಕಾಲಿಗೆ ಅದು ಎಷ್ಟು ಹಿತವಾಗಿತ್ತೆಂದರೆ, ಹೊಲದ ನಡುವೆ ಇಂಥ ಹಾದಿ ಎಲ್ಲಿಂದ ಬಂತು ಎಂಬ ಯೋಚನೆಯೇ ಮೊದಲು ಬರಲಿಲ್ಲ.

ಆಮೇಲೆ ವಾಸನೆ ಬಂತು. ಒಣನೆಲಕ್ಕೆ ಈಗಷ್ಟೇ ನೀರು ಹೊಡೆದ ವಾಸನೆ.

ನಾನು ಬಗ್ಗಿ ನೆಲ ಮುಟ್ಟಿದೆ. ಒದ್ದೆ. ತಂಪು. ಸಣ್ಣ ಖಡಿ ಬೆರಳಿಗೆ ಅಂಟಿತು.

"ಮಾಸ್ತರ್‍ರ..." ಎಂದೆ.

"ಗೊತ್ತಾಗೇತ್ರಿ" ಎಂದರು ಅವರು, ಹಿಂದಿರುಗಿ ನೋಡದೆ. "ಸಪ್ಪಳಾ ಮಾಡಬ್ಯಾಡ್ರಿ."

ಹಾದಿಯ ಎರಡೂ ಬದಿಗೆ ಜನ ಇದ್ದರು. ಕಂಡರು ಎಂದು ಹೇಳಲಾರೆ, ಕಾಣಲು ಬೆಳಕೆಲ್ಲಿತ್ತು? ಆದರೆ ಬಹಳ ಜನ ಒಂದು ಕಡೆ ಸೇರಿ ಬಾಯಿ ಮುಚ್ಚಿಕೊಂಡು ನಿಂತಾಗ ಒಂದು ಬಗೆಯ ಬಿಸುಪು ಬರುತ್ತದಲ್ಲ, ಅದು ಮೈಗೆ ತಾಕುತ್ತಿತ್ತು. ಯಾರೋ ಕಾಲು ಬದಲಿಸಿ ನಿಂತರು. ಎಲ್ಲೋ ಒಂದು ಕೂಸು ಕುಂಯ್ ಎಂದಿತು, ಯಾರೋ ಸುಮ್ಮನಾಗಿಸಿದರು...

ಆಗ ದೂರದಿಂದ, ಯಮಕನಮರಡಿಯ ದಿಕ್ಕಿನಿಂದ, ಸದ್ದು ಕೇಳಿಸಿತು.

ಗುಂಯ್ ಎನ್ನುವ ಒಂದೇ ಸದ್ದು. ಅದು ನೆಲದಿಂದ ಅಂಗಾಲಿಗೆ ಏರಿತು. ಜೊತೆಗೆ ಔಡಲ ಎಣ್ಣೆ ಸುಟ್ಟ ಕಮಟು ವಾಸನೆ. ಆ ಕಾಲದ ಪಂದ್ಯದ ಮೋಟಾರುಗಳ ಯಂತ್ರಕ್ಕೆ ಔಡಲ ಎಣ್ಣೆ, ಅದೇ ಹರಳೆಣ್ಣೆ, ಹಾಕುತ್ತಿದ್ದರೆಂದು ಒಬ್ಬ ಹಳೆಯ ಡ್ರೈವರ್ ನನಗೆ ಹೇಳಿದ್ದ. ಆ ವಾಸನೆಯನ್ನು ನಾನು ಮೂಸಿದ್ದು ಮಾತ್ರ ಅದೇ ಮೊದಲು.

ಸದ್ದು ಬರುತ್ತಲೇ ಇತ್ತು. ಹತ್ತಿರವಾಗುತ್ತಿತ್ತು. ಆದರೆ ಬಂದು ಮುಟ್ಟುತ್ತಿರಲಿಲ್ಲ. ಈಗ ಬಂತು, ಈಗ ಹಾದುಹೋಗುತ್ತದೆ ಎಂದು ಕಾಯುತ್ತ ಹಲ್ಲು ಕಚ್ಚಿ ನಿಂತೆ. ಪಕ್ಕಕ್ಕೆ ಜಿಗಿಯೋಣವೆಂದರೆ ಪಕ್ಕದಲ್ಲಿ ನಿಂತವರ ಮೇಲೆ ಬೀಳಬೇಕಿತ್ತು. ಆ ಹೆದರಿಕೆಯೇ ಹೆಚ್ಚಾಗಿತ್ತು ನನಗೆ.

ಆಗ ನಮ್ಮ ಎದುರಿಗೇ, ಎರಡು ಮಾರು ದೂರದಲ್ಲಿ, ಒಂದು ದನಿ.

"ಸಾಹೇಬ್ರ..."

ಗಂಡು ದನಿ. ಹರೆಯದ್ದು. ಇಪ್ಪತ್ತು, ಹೆಚ್ಚೆಂದರೆ ಇಪ್ಪತ್ತೈದರ ಹುಡುಗನದು. ಆದರೆ ಅದರಲ್ಲಿದ್ದ ದಣಿವು... ಅಂಥ ದಣಿವನ್ನು ನಾನು ಮನುಷ್ಯರ ಬಾಯಲ್ಲಿ ಹಿಂದೆ ಕೇಳಿರಲಿಲ್ಲ, ಮುಂದೆಯೂ ಕೇಳಿಲ್ಲ. ದಿನವಿಡೀ ಭಾರ ಹೊತ್ತವನು, ಇಳಿಸು ಎಂದು ಯಾರೂ ಹೇಳದೆ ಹಾಗೆಯೇ ನಿಂತಿದ್ದರೆ ಹೇಗೆ ಮಾತಾಡಬಹುದೋ ಹಾಗೆ.

"ಸಾಹೇಬ್ರ... ಇನ್ನ ಬರೂವು ಅದಾವೇನ್ರಿ? ನಾ ಮನಿಗಿ ಹೋಗ್ಲೇನ್ರಿ?"

ಮಾಸ್ತರರ ಅಂಗಿಯ ಚುಂಗು ಹಿಡಿದು ಹಿಂದಕ್ಕೆ ಎಳೆದೆ. ಅವರು ಅಲುಗಲಿಲ್ಲ. ಅವರ ವಯಸ್ಸು ಆಗ ನಲವತ್ತೈದು ದಾಟಿತ್ತು. ಕೇಳಿದವನು ಅವರ ಮಗನ ವಯಸ್ಸಿನವನ ಹಾಗಿದ್ದ.

ಮಾಸ್ತರರು ಶಾಲೆಯಲ್ಲಿ ಮಕ್ಕಳಿಗೆ ಹೇಳುವಷ್ಟೇ ಸಮಾಧಾನದಿಂದ ಹೇಳಿದರು.

"ಮುಗದೈತ್ರಿ. ಎಲ್ಲಾ ಮೋಟಾರ ಹೋದ್ವು. ಇನ್ನ ಯಾವುದೂ ಬರೂದಿಲ್ಲ."

ಸದ್ದು ನಿಂತಿತು. ಯಾರೋ ಬಾಯಿ ಮುಚ್ಚಿದ ಹಾಗೆ, ಒಮ್ಮೆಲೇ.

"ನಡೀರಿ" ಎಂದರು ಮಾಸ್ತರರು. "ಮನಿಗಿ ನಡೀರಿ. ಕಾಯಾಕತ್ತಾರ."

ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಮತ್ತೆ ಕಾಲಿಗೆ ಕೂಳೆ ಚುಚ್ಚಿತು, ಅದು ನೆನಪಿದೆ. ಅಷ್ಟು ಸಂತೋಷ ನನಗೆ ಯಾವ ಮುಳ್ಳಿನಿಂದಲೂ ಆಗಿಲ್ಲ. ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ನಡೆದೆವು. ನಮ್ಮ ಹಿಂದೆ, ತುಸು ದೂರದಲ್ಲಿ, ಬರಿಗಾಲಿನ ಹೆಜ್ಜೆ. ಎಳೆದೆಳೆದು ಇಡುವ ಹೆಜ್ಜೆ. ನಾವಿಬ್ಬರೂ ತಿರುಗಿ ನೋಡಲಿಲ್ಲ.

ಸತ್ಯವ್ವ ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದಳು. ನಾವು ಕೈಕಾಲು ತೊಳೆದೆವು. ಅವಳು ಬಡಿಸಿದಳು. ಇಬ್ಬರಿಂದಲೂ ಅರ್ಧ ರೊಟ್ಟಿಯ ಮೇಲೆ ಇಳಿಯಲಿಲ್ಲ. ಎಲ್ಲಿಗೆ ಹೋಗಿದ್ದಿರಿ, ಏನು ಸಿಕ್ಕಿತು ಎಂದು ಅವಳು ಕೇಳಲಿಲ್ಲ. ಮಾಸ್ತರರೂ ಹೇಳಲಿಲ್ಲ. ನಾವು ಹೊರಗೆ ಕಟ್ಟೆಯ ಮೇಲೆ ಅಡ್ಡಾದೆವು. ಹೆದರಿಕೆಗಿಂತ ದಣಿವು ದೊಡ್ಡದಿತ್ತು, ನಿದ್ದೆ ಹತ್ತಿತು.

ನಡುವೆ ಎಚ್ಚರವಾಯಿತು. ಒಳಗೆ ಮುದುಕಿ ಮಾತಾಡುತ್ತಿದ್ದಳು. ಮೆಲ್ಲಗೆ, ಬಿಡದೆ. ಮಾಳಿಗೆ ಸೋರಿದ್ದು, ಎಮ್ಮೆ ಸತ್ತದ್ದು, ಮಗನನ್ನು ಶಾಲೆಗೆ ಹಾಕಿದಾಗ ಹೊರಗೆ ಕೂರಿಸಿದ್ದು, ಅವನು ಮಾಸ್ತರನಾದದ್ದು... ಬಹಳ ದಿನ ಊರಲ್ಲಿಲ್ಲದವರಿಗೆ ಮನೆಯವರು ಹೇಳುವ ಹಾಗೆ ಒಂದಾದ ಮೇಲೊಂದು ಹೇಳುತ್ತಿದ್ದಳು. ಉತ್ತರ ಇರಲಿಲ್ಲ. ಒಮ್ಮೆ ಮಾತ್ರ ಯಾರೋ ಕೆಮ್ಮಿದರು. ಅದು ಹೆಂಗಸಿನ ಕೆಮ್ಮಲ್ಲ.

ಬಾಗಿಲಿಂದ ಬೀಳುತ್ತಿದ್ದ ದೀಪದ ಬೆಳಕಿನಲ್ಲಿ ಪಕ್ಕಕ್ಕೆ ನೋಡಿದೆ. ಮಾಸ್ತರರು ಕಣ್ಣು ತೆರೆದುಕೊಂಡು ಮಲಗಿದ್ದರು. ಕಣ್ಣಿನ ಅಂಚಿನಿಂದ ನೀರು ಕಿವಿಗೆ ಇಳಿಯುತ್ತಿತ್ತು.

ಬೆಳಗಾಯಿತು. ಮಾಸ್ತರರು ಎದ್ದು ಹೊಸ್ತಿಲಲ್ಲಿ ನಿಂತು ಕೇಳಿದರು. "ರಾತ್ರಿ ಯಾರ ಜೋಡಿ ಮಾತಾಡಾಕತ್ತಿದ್ದಿ ಯವ್ವಾ?"

ಅವಳು ಬಾಯಿಯ ಮೇಲೆ ಬೆರಳಿಟ್ಟಳು.

"ಮೆಲ್ಲಕ ಮಾತಾಡ್ರಿ. ಭಾಳ ದಣದ ಬಂದಾರ. ಈಗರ ಮಲಗ್ಯಾರ."

ಮೂಲೆಯಲ್ಲಿ ಕೌದಿ ಹಾಸಿತ್ತು. ಅದರ ಮೇಲೆ ಯಾರೂ ಇರಲಿಲ್ಲ.

ಆಮೇಲೆ ನಾವು ಆ ಹಾದಿಯನ್ನು ಹುಡುಕಲು ಹೋಗಲಿಲ್ಲ. ಮಾಸ್ತರರಿಗೆ ಮೂಡಲಗಿಗೆ ಬದಲಿಯಾಯಿತು. ತಾಯಿಯನ್ನು ಕರೆದುಕೊಂಡು ಹೋಗಲು ಎಷ್ಟೋ ಸಲ ಹಳ್ಳಿಗೆ ಹೋದರು. ಅವಳು ಬರಲಿಲ್ಲ. "ಅವರನ್ನ ಒಬ್ಬರನ್ನ ಬಿಟ್ಟ ಹೆಂಗ ಬರ್ಲಿ?" ಎಂದಳಂತೆ. ಅವಳಿಗೆ ಮರುಳು ಹಿಡಿದಿದೆ ಎಂದು ಕೇರಿಯವರು ಅಂದರು. ಆದರೆ ಅಡುಗೆ, ಕೂಲಿ, ವ್ಯವಹಾರ ಯಾವುದರಲ್ಲೂ ಅವಳು ತಪ್ಪಲಿಲ್ಲ. ಅಷ್ಟು ನಗುನಗುತ್ತ ಇದ್ದದ್ದನ್ನು ತಾವು ಮೊದಲು ಕಂಡಿರಲಿಲ್ಲ ಎಂದು ಮಾಸ್ತರರೇ ಹೇಳಿದರು.

ಕೆಲವು ವರ್ಷದ ಮೇಲೆ ಅವಳು ನಿದ್ದೆಯಲ್ಲೇ ತೀರಿಕೊಂಡಳು. ಮಣ್ಣಿಗೆ ನಾನೂ ಹೋಗಿದ್ದೆ.

ಎಲ್ಲ ಮುಗಿದು, ಬಂದವರು ಚದುರಿದ ಮೇಲೆ, ಮಾಸ್ತರರು ಬೀಗ ಹಿಡಿದು ಬಾಗಿಲ ಮುಂದೆ ನಿಂತರು. ನಾನು ಅವಸರ ಮಾಡಿದೆ, ಬಸ್ಸಿನ ಹೊತ್ತಾಗಿತ್ತು. ಅವರು ಚಿಲಕಕ್ಕೆ ಕೈ ಹಾಕಿದರು, ತೆಗೆದರು. ಒಳಗಿನ ಕತ್ತಲೆಯನ್ನು ನೋಡಿದರು.

"ಯಾಕ್ರಿ?" ಎಂದೆ.

"ಅವ್ವ ಹೋದ್ಲು ಖರೆ" ಎಂದರು. "ಅವರೂ ಹೋಗ್ಯಾರೋ ಇಲ್ಲೋ, ಹೆಂಗ ತಿಳೀಬೇಕ್ರಿ?"

ಆ ರಾತ್ರಿ ನಾವು ಕರೆತಂದವರನ್ನು ಮತ್ತೆ ಕಳಿಸುವವರು ಯಾರು ಎಂದು ನೆನೆದಾಗಲೆಲ್ಲ, ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳು ನಿಂತಿದ್ದರೂ ನನ್ನ ಬೆನ್ನು ತಣ್ಣಗಾಗುತ್ತದೆ.

ಮಾಸ್ತರರು ಬೀಗವನ್ನು ಜೇಬಿಗೆ ಹಾಕಿಕೊಂಡರು. ಬಾಗಿಲನ್ನು ತುಸು ಮುಂದೆ ಮಾಡಿ, ಒಬ್ಬರು ಹಾಯುವಷ್ಟು ಸಂದಿ ಬಿಟ್ಟು, ನನ್ನ ಜೊತೆ ಬಸ್ಸಿನ ಕಡೆ ನಡೆದರು.